ಬಸ್ಸಿನ ದಾರಿಯಲ್ಲೊಂದು ನಕ್ಷತ್ರ ಕೋಟೆ

ಸಕಲೇಶಪುರದಿಂದ ಮಂಗಳೂರಿನತ್ತ ಹೊರಟ ಬಸ್ಸು ಐದಾರು ಕಿಲೋಮೀಟರು ಸಾಗುವಷ್ಟರಲ್ಲಿ, ದೋಣಿಗಾಲ್ ಬಳಿ ಹೆದ್ದಾರಿಯ ಮಗ್ಗುಲಲ್ಲೇ ಒಂದು ಗುಡ್ಡ ಎದುರಾಗುತ್ತದೆ. ಅದರ ನೆತ್ತಿಯ ಮೇಲಿರುವುದೇ 1792ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಮಂಜರಾಬಾದ್ ಕೋಟೆ.

ಕೋಟೆ ಇಲ್ಲೇ ಏಕೆ? ಉತ್ತರ ಬಸ್ಸು ಹಿಡಿದ ದಿಕ್ಕಿನಲ್ಲೇ ಇದೆ. ಮಲೆನಾಡಿನಿಂದ ಮಂಗಳೂರು ಬಂದರಿಗೆ ಇಳಿಯುವ ಘಾಟಿಯ ತಲೆಬಾಗಿಲು ಇದು. ಅದೇ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರೂ ಸೇರಿ ಅರ್ಧ ರಾಜ್ಯ ಟಿಪ್ಪುವಿನ ಕೈಬಿಟ್ಟಿತು. ಉಳಿದ ಕರಾವಳಿಯ ದಾರಿಯನ್ನು ಕಾಯುವುದು ಅನಿವಾರ್ಯವಾಗಿತ್ತು. ಯುರೋಪಿನ ಮಾದರಿಯ ಈ ಕೋಟೆಗೆ ನಕ್ಷತ್ರದಂತೆ ಎಂಟು ಮೂಲೆಗಳು. ಚಾಚಿದ ಮೂಲೆಯಲ್ಲಿ ನಿಂತವನಿಗೆ ಪಕ್ಕದ ಗೋಡೆಯ ಬುಡಕ್ಕೆ ಬಂದ ಶತ್ರುವೂ ಕಾಣುತ್ತಾನೆ. ಅವನಿಗೆ ಅಡಗಲು ಮರೆಯೇ ಇರದು.

ಬಸ್ಸಿನಲ್ಲಿ ಹೋಗುವವರಿಗೆ ಒಂದು ಮಾತು. ದೂರದೂರಿನ ವೇಗದ ಬಸ್ಸುಗಳು ಎಲ್ಲೆಡೆ ನಿಲ್ಲುವುದಿಲ್ಲ. ಕೋಟೆಯ ಬಳಿ ನಿಲ್ಲಿಸುತ್ತಾರೆಯೇ ಎಂದು ಕಂಡಕ್ಟರನ್ನು ಮೊದಲೇ ಕೇಳಿ ಹತ್ತಬೇಕು. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ. ಹಿಂದಿರುಗುವ ಬಸ್ಸಿಗಾಗಿ ಕತ್ತಲಾಗುವ ಮೊದಲೇ ರಸ್ತೆಗಿಳಿಯುವುದು ಲೇಸು.

ಮಂಜು ಸರಿದಾಗ ಕೋಟೆಯ ಮೇಲಿಂದ ಕೆಳಗಿನ ರಸ್ತೆಯ ಬಸ್ಸು, ಲಾರಿಗಳನ್ನು ನೋಡಿ. ಅಂದಿನ ಕಾವಲುಗಾರ ಏನನ್ನು ಕಾಯುತ್ತಿದ್ದನೆಂಬುದು ತಾನಾಗಿಯೇ ತಿಳಿಯುತ್ತದೆ.