ಸಂಜೆಯ ಹಾಯಿದೋಣಿ ಪಂದ್ಯಗಳು: ನಿಯಮ ಮತ್ತು ವ್ಯವಸ್ಥೆ

ಮಹಾನಗರದ ನೌಕರನಿಗೆ ವ್ಯಾಯಾಮವೆಂದರೆ ಬೆಳಗಿನ ನಡಿಗೆ. ಹೆಚ್ಚೆಂದರೆ ಭಾನುವಾರದ ಕ್ರಿಕೆಟ್. ವಾರದ ನಡುವಿನ ದಿನವೊಂದರಲ್ಲಿ ಕಚೇರಿಯ ಕೆಲಸ ಮುಗಿಸಿದವರು ಹಾಯಿದೋಣಿಯೇರಿ ಪಂದ್ಯದಲ್ಲಿ ಭಾಗವಹಿಸಿ, ರಾತ್ರಿಯ ಊಟದ ವೇಳೆಗೆ ದಡ ಸೇರುವ ಪದ್ಧತಿಯೂ ಉಂಟೆಂದರೆ ಹಲವರಿಗೆ ಸೋಜಿಗವಾದೀತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ರಾಜಧಾನಿಯಾದ ಅನಾಪೊಲಿಸ್ ನಗರದ ಬುಧವಾರ ಸಂಜೆಯ ಪಂದ್ಯಗಳು ಇದಕ್ಕೆ ಹೆಸರಾದವು. 1845ರಲ್ಲಿ ಸ್ಥಾಪಿತವಾದ ಅಮೆರಿಕದ ನೌಕಾ ಅಕಾಡೆಮಿ ಇರುವುದೂ ಅದೇ ಊರಿನಲ್ಲಿ. ಅಲ್ಲಿ ಸೆವರ್ನ್ ನದಿಯು ಚೆಸಪೀಕ್ ಕೊಲ್ಲಿಯನ್ನು ಸೇರುತ್ತದೆ. ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವಾಗ ಅಲ್ಲಿನ ಗಡಿಯಾರದಲ್ಲಿ ರಾತ್ರಿ 8-30 ಆಗಿರುತ್ತದೆ. ಆದ್ದರಿಂದ ಕಚೇರಿ ಬಿಟ್ಟ ಬಳಿಕವೂ ಎರಡು ಗಂಟೆಗಳ ಬೆಳಕು ಉಳಿದಿರುತ್ತದೆ. ನಮ್ಮ ಮುಂಬಯಿಯಲ್ಲಿ ಅದೇ ತಿಂಗಳು ಸೂರ್ಯಾಸ್ತ 7-20ಕ್ಕೆ. ಮೇಲಾಗಿ ಮಳೆಗಾಲದ ಕಡಲು.

ಈ ಪಂದ್ಯಗಳ ನಿಜವಾದ ಸ್ವಾರಸ್ಯವಿರುವುದು ವೇಗದಲ್ಲಲ್ಲ, ವ್ಯವಸ್ಥೆಯಲ್ಲಿ. ಹತ್ತಾರು ದೋಣಿಗಳು ವಿಶಾಲವಾದ ನೀರಿನ ಮೇಲೆ ಚದುರಿರುವಾಗ ಪ್ರತಿಯೊಂದರ ಬೆನ್ನಿಗೂ ಒಬ್ಬ ತೀರ್ಪುಗಾರನನ್ನು ಕಳುಹಿಸುವುದು ಅಸಾಧ್ಯ. ಆದರೂ ಪಂದ್ಯ ನ್ಯಾಯವಾಗಿ ನಡೆಯುತ್ತದೆ. ಅದು ಹೇಗೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ನಿಯಮಗಳ ಮೂಲ

ಜಗತ್ತಿನ ಎಲ್ಲ ಹಾಯಿಪಂದ್ಯಗಳಿಗೂ ಮೂಲನಿಯಮಗಳ ಗ್ರಂಥ ಒಂದೇ. 1907ರಲ್ಲಿ ಸ್ಥಾಪಿತವಾಗಿ ಈಗ ವರ್ಲ್ಡ್ ಸೇಲಿಂಗ್ ಎಂಬ ಹೆಸರಿನಿಂದಿರುವ ಅಂತರರಾಷ್ಟ್ರೀಯ ಸಂಸ್ಥೆಯು ಇದನ್ನು ನಾಲ್ಕು ವರ್ಷಗಳಿಗೊಮ್ಮೆ ಪರಿಷ್ಕರಿಸುತ್ತದೆ. ಈಗ ಜಾರಿಯಲ್ಲಿರುವುದು 2025ರಿಂದ 2028ರವರೆಗಿನ ಆವೃತ್ತಿ. ಇದರ ಜೊತೆಗೆ ಪಂದ್ಯದ ದಿನಗಳು, ಹೊರಡುವ ವೇಳೆ, ಸುತ್ತಬೇಕಾದ ತೇಲುಗುರುತುಗಳು ಮುಂತಾದ ಸ್ಥಳೀಯ ವಿವರಗಳನ್ನು ಆಯಾ ಕ್ಲಬ್ಬು ತನ್ನ ಸೂಚನಾಪತ್ರದಲ್ಲಿ ಪ್ರಕಟಿಸುತ್ತದೆ.

ಹೊರಡುವ ಕ್ರಮ

ಹಾಯಿದೋಣಿಗಳನ್ನು ಓಟಗಾರರಂತೆ ಗೆರೆಯ ಮೇಲೆ ನಿಲ್ಲಿಸಲಾಗದು. ಸ್ಪರ್ಧಾ ಸಮಿತಿಯ ದೋಣಿಗೂ ಒಂದು ತೇಲುಗುರುತಿಗೂ ನಡುವೆ ಒಂದು ಕಾಲ್ಪನಿಕ ಗೆರೆ ಇರುತ್ತದೆ. ಹೊರಡಲು 5 ನಿಮಿಷವಿರುವಾಗ ಒಂದು ಬಾವುಟವನ್ನೂ 4 ನಿಮಿಷವಿರುವಾಗ ಇನ್ನೊಂದನ್ನೂ ಏರಿಸುತ್ತಾರೆ. 1 ನಿಮಿಷ ಉಳಿದಾಗ ಎರಡನೆಯದು ಇಳಿಯುತ್ತದೆ; ಮೊದಲನೆಯದು ಇಳಿದೊಡನೆ ಪಂದ್ಯ ಆರಂಭ. ಪ್ರತಿ ಸಲವೂ ಸದ್ದು ಮಾಡುವರಾದರೂ ಲೆಕ್ಕಕ್ಕೆ ಬರುವುದು ಬಾವುಟವೇ. ಏಕೆಂದರೆ ಸದ್ದು ದೂರಕ್ಕೆ ತಡವಾಗಿ ತಲಪುತ್ತದೆ. ಅವಸರದಿಂದ ಗೆರೆಯನ್ನು ಮೊದಲೇ ದಾಟಿದ ದೋಣಿಯು ಹಿಂದಿರುಗಿ ಮತ್ತೆ ಹೊರಡಬೇಕು.

ದಾರಿಯ ಹಕ್ಕು

ನೀರಿನ ಮೇಲೆ ರಸ್ತೆಯಿಲ್ಲ, ಪೊಲೀಸನಿಲ್ಲ. ಅಲ್ಲಿ ಹಕ್ಕನ್ನು ನಿರ್ಣಯಿಸುವುದು ಗಾಳಿ. ಮುಖ್ಯ ನಿಯಮಗಳು ಮೂರು. ಯಾವ ದೋಣಿಗೆ ಗಾಳಿ ಎಡಮಗ್ಗುಲಿನಿಂದ ಬೀಸುತ್ತಿದೆಯೋ ಅದು, ಬಲಮಗ್ಗುಲಿನಿಂದ ಗಾಳಿ ಪಡೆಯುತ್ತಿರುವ ದೋಣಿಗೆ ದಾರಿ ಬಿಡಬೇಕು. ಎರಡೂ ಒಂದೇ ಮಗ್ಗುಲಿನಿಂದ ಗಾಳಿ ಪಡೆಯುತ್ತ ಅಕ್ಕಪಕ್ಕದಲ್ಲಿದ್ದರೆ, ಗಾಳಿ ಬರುವ ಕಡೆಗಿರುವ ದೋಣಿ ಸರಿಯಬೇಕು. ಒಂದರ ಹಿಂದೆ ಒಂದಿದ್ದರೆ ಹಿಂದಿನದು ಮುಂದಿನದರಿಂದ ದೂರವಿರಬೇಕು. ಇವೆಲ್ಲಕ್ಕೂ ಮೇಲೆ, ಹಕ್ಕುಳ್ಳವನೂ ಸಾಧ್ಯವಾದಷ್ಟು ಡಿಕ್ಕಿಯನ್ನು ತಪ್ಪಿಸಲೇಬೇಕು. ಹಕ್ಕಿದೆಯೆಂದು ನುಗ್ಗುವಂತಿಲ್ಲ.

ತಪ್ಪಾದರೆ? ತಪ್ಪಿದವನು ತಾನಾಗಿಯೇ ಇತರ ದೋಣಿಗಳಿಂದ ದೂರ ಸರಿದು, ತನ್ನ ದೋಣಿಯನ್ನು ಎರಡು ಪೂರ್ಣ ಸುತ್ತು ತಿರುಗಿಸಿ ಮುಂದುವರಿಯಬೇಕು. ತೇಲುಗುರುತನ್ನು ತಾಗಿದ್ದರೆ ಒಂದೇ ಸುತ್ತು. ಆತನ ತಪ್ಪಿನಿಂದ ಯಾರಿಗಾದರೂ ಪೆಟ್ಟಾಗಿದ್ದರೆ ಅಥವಾ ದೋಣಿಗೆ ಭಾರಿ ಹಾನಿಯಾಗಿದ್ದರೆ ಪಂದ್ಯದಿಂದ ನಿವೃತ್ತನಾಗಬೇಕು. ಆತ ಒಪ್ಪದಿದ್ದಲ್ಲಿ ಎದುರಾಳಿಯು 'ಪ್ರೊಟೆಸ್ಟ್' ಎಂದು ಕೂಗಿ, ದೊಡ್ಡ ದೋಣಿಗಳಲ್ಲಾದರೆ ಕೆಂಪು ಬಾವುಟವನ್ನೂ ತೋರಿಸಿ, ದಡಕ್ಕೆ ಬಂದು ದೂರು ಬರೆದುಕೊಡಬಹುದು. ಸಮಿತಿಯು ಉಭಯ ಪಕ್ಷಗಳನ್ನೂ ಸಾಕ್ಷಿಗಳನ್ನೂ ವಿಚಾರಿಸಿ ತೀರ್ಪು ಕೊಡುತ್ತದೆ. ಆದರೆ ಇದು ಕೊನೆಯ ಉಪಾಯ; ಮೊದಲ ತೀರ್ಪುಗಾರನು ಚುಕ್ಕಾಣಿ ಹಿಡಿದವನೇ.

ಲೆಕ್ಕಾಚಾರ

ಲೆಕ್ಕದ ಅಭ್ಯಾಸವಿರುವವರಿಗೆ ಹೆಚ್ಚು ಹಿಡಿಸುವ ಭಾಗ ಇದು. ಇಂಥ ಪಂದ್ಯಗಳಿಗೆ ಬರುವ ದೋಣಿಗಳೆಲ್ಲ ಒಂದೇ ಅಳತೆಯವಲ್ಲ. ಅಮೆರಿಕದಲ್ಲಿ ಬಳಕೆಯಲ್ಲಿರುವ ಪದ್ಧತಿಯೊಂದರಂತೆ, ಪ್ರತಿ ದೋಣಿಗೂ ಒಂದು ನಾಟಿಕಲ್ ಮೈಲಿಗೆ, ಅಂದರೆ 1852 ಮೀಟರಿಗೆ, ಇಷ್ಟು ಸೆಕೆಂಡು ಎಂದು ರಿಯಾಯಿತಿ ಗೊತ್ತುಮಾಡುತ್ತಾರೆ. ನಿಧಾನದ ದೋಣಿಗೆ ರಿಯಾಯಿತಿ ಹೆಚ್ಚು. ಉದಾಹರಣೆಗೆ, ಪಂದ್ಯದ ದೂರ 5 ಮೈಲಿ. 'ಅ' ದೋಣಿಯ ರಿಯಾಯಿತಿ ಮೈಲಿಗೆ 90 ಸೆಕೆಂಡು, 'ಆ' ದೋಣಿಯದು 150. 'ಅ' 60 ನಿಮಿಷಗಳಲ್ಲಿ, ಅಂದರೆ 3600 ಸೆಕೆಂಡುಗಳಲ್ಲಿ ಗುರಿ ಮುಟ್ಟಿತು. 'ಆ' 64 ನಿಮಿಷ 30 ಸೆಕೆಂಡು, ಅಂದರೆ 3870 ಸೆಕೆಂಡು ತೆಗೆದುಕೊಂಡಿತು. 'ಅ' ದೋಣಿಗೆ 450 ಕಳೆದರೆ 3150. 'ಆ' ದೋಣಿಗೆ 750 ಕಳೆದರೆ 3120. ಹಿಂದೆ ಬಂದ 'ಆ' ದೋಣಿಯೇ 30 ಸೆಕೆಂಡುಗಳಿಂದ ಗೆದ್ದಂತಾಯಿತು.

ಸರಣಿಯ ಅಂಕಗಳಲ್ಲಿ ಕಡಿಮೆ ಪಡೆದವನೇ ವಿಜಯಿ. ಮೊದಲ ಸ್ಥಾನಕ್ಕೆ 1, ಎರಡನೆಯದಕ್ಕೆ 2, ಹೀಗೆ ಮುಂದುವರಿಯುತ್ತದೆ. ವಾರವಾರವೂ ನಡೆಯುವ ದೀರ್ಘ ಸರಣಿಗೆ ಒಂದು ವಿಶೇಷ ಅನುಕೂಲವನ್ನು ಅಳವಡಿಸಿಕೊಳ್ಳಲು ಅವಕಾಶವಿದೆ. ಸರಣಿಗೆ 20 ದೋಣಿಗಳು ಹೆಸರು ಕೊಟ್ಟಿದ್ದು ಆ ದಿನ 14 ಮಾತ್ರ ಬಂದಿದ್ದರೆ, ಬಾರದೆ ಉಳಿದ ದೋಣಿಗೆ 21 ಅಂಕ. ಬಂದು ಪಂದ್ಯ ಮುಗಿಸಲಾಗದೆ ಹೋದ ದೋಣಿಗೆ 15. ಹಾಜರಾತಿಗೆ ಇದರಿಂದ ಬೆಲೆ ಬರುತ್ತದೆ. ಹಾಗೆಯೇ ಪ್ರತಿಯೊಬ್ಬರ ಅತಿ ಕೆಟ್ಟ ಫಲಿತಾಂಶವೊಂದನ್ನು ಕೊನೆಗೆ ಬಿಟ್ಟು ಲೆಕ್ಕ ಹಾಕುತ್ತಾರೆ. ಮಗುವಿಗೆ ಜ್ವರವೆಂದೋ ಕಚೇರಿಯಲ್ಲಿ ತಡವಾಯಿತೆಂದೋ ಒಂದು ವಾರ ತಪ್ಪಿದವನು ಅಷ್ಟಕ್ಕೇ ಸರಣಿಯನ್ನು ಕಳೆದುಕೊಳ್ಳುವುದಿಲ್ಲ.

ದೇಹರಕ್ಷಣೆ

ಬೇಸಗೆಯ ಸಂಜೆ ಚೆಸಪೀಕ್ ಪ್ರದೇಶದಲ್ಲಿ ಗುಡುಗು ಮಳೆ ಹಠಾತ್ತಾಗಿ ಎರಗುವುದುಂಟು. ಅಂಥ ಲಕ್ಷಣ ಕಂಡರೆ ಸಮಿತಿಯು ಪಂದ್ಯವನ್ನು ಮುಂದೂಡಬಹುದು, ಮೊಟಕುಗೊಳಿಸಬಹುದು ಅಥವಾ ರದ್ದುಪಡಿಸಬಹುದು. ಆದರೆ ಪಂದ್ಯಕ್ಕೆ ಇಳಿಯುವುದೋ ಬಿಡುವುದೋ ಎಂಬ ನಿರ್ಧಾರದ ಹೊಣೆ ದೋಣಿಯವರದೇ ಎಂದು ನಿಯಮಗ್ರಂಥವು ಸ್ಪಷ್ಟವಾಗಿ ಹೇಳುತ್ತದೆ. ಲೈಫ್ ಜಾಕೆಟ್ಟಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. 'ನನಗೆ ಈಜು ಬರುತ್ತದೆ' ಎಂಬ ಮಾತು ಸಾಲದು. ಗಾಳಿ ತಿರುಗಿದಾಗ ಹಾಯಿಯ ಕೆಳಗಿನ ಅಡ್ಡಗಳು ರಭಸದಿಂದ ಬೀಸಿ ತಲೆಗೆ ಬಡಿಯಬಲ್ಲದು. ಪ್ರಜ್ಞೆ ತಪ್ಪಿ ನೀರಿಗೆ ಬಿದ್ದವನಿಗೆ ಈಜು ಒದಗುವುದಿಲ್ಲ. ತೊಟ್ಟ ಜಾಕೆಟ್ಟು ಆತನನ್ನು ತೇಲಿಸುತ್ತದೆ.

ನಿಯಮಗ್ರಂಥದ ಮೊಟ್ಟಮೊದಲ ವಿಧಿಯೇ ಅಪಾಯದಲ್ಲಿರುವವರಿಗೆ ಸಾಧ್ಯವಾದ ಎಲ್ಲ ನೆರವನ್ನೂ ನೀಡಬೇಕೆಂಬುದು. ನೆರವಿಗೆ ಹೋದ ಕಾರಣ ಪಂದ್ಯದಲ್ಲಿ ಹಿಂದೆ ಬಿದ್ದವನಿಗೆ, ವಿಚಾರಣೆಯ ನಂತರ, ನ್ಯಾಯವಾದ ಅಂಕಗಳನ್ನು ಕಲ್ಪಿಸಿಕೊಡಲು ಅವಕಾಶವಿದೆ. ಪರರ ಪ್ರಾಣ ಉಳಿಸಿದವನಿಗೆ ಆ ಕಾರಣದಿಂದಲೇ ಸೋಲಾಗಬಾರದು ಎಂಬುದು ಇದರ ಆಶಯ.

ಮಂಗಳೂರಿನ ಹೆಂಚು ಒಂದು ಕಾಲದಲ್ಲಿ ಮುಂಬಯಿಗೆ ಬಂದದ್ದು ಪತ್ತೇಮಾರಿಗಳ ಹಾಯಿಯ ಬಲದಿಂದ. ಗಾಳಿಯನ್ನು ನಂಬಿ ಬದುಕುವುದು ನಮ್ಮ ಕರಾವಳಿಗೆ ಹೊಸದಲ್ಲ. ಓದುಗರಲ್ಲಿ ಎಲ್ಲರೂ ಹಾಯಿದೋಣಿ ಏರಲಾರರು. ಆದರೆ ವಾರಕ್ಕೊಂದು ಗೊತ್ತಾದ ಸಂಜೆ, ಅಸಮಾನರ ನಡುವೆ ಸಮನಾದ ಲೆಕ್ಕ, ಒಂದು ಗೈರುಹಾಜರಿಗೆ ಕ್ಷಮೆ, ಯಾರೂ ನೋಡದಿದ್ದರೂ ತಾನೇ ತಿರುಗುವ ಎರಡು ಸುತ್ತು, ಇವು ಯಾವ ಆಟಕ್ಕೂ ಸಲ್ಲುವ ಸೂತ್ರಗಳು. ನಮ್ಮ ಸಂಘದ ಕೇರಂ ಹಾಗೂ ಷಟಲ್ ಪಂದ್ಯಗಳಿಗೂ ಇವನ್ನು ಅನ್ವಯಿಸಿ ನೋಡಬಹುದು. ದೇಹಕ್ಕೂ ಹಿತ, ಸ್ನೇಹಕ್ಕೂ ಹಿತ.