ಇಳಿವಯಸ್ಸಿನ ದಾಂಪತ್ಯ: ಒಬ್ಬರ ನೆಮ್ಮದಿ ಇಬ್ಬರಿಗೂ ಆಧಾರ

ಮಕ್ಕಳ ವಿದ್ಯಾಭ್ಯಾಸ, ಮದುವೆ, ಮನೆ ಕಟ್ಟುವ ಚಿಂತೆಗಳೆಲ್ಲ ಮುಗಿದ ಬಳಿಕ ಮನೆಯಲ್ಲಿ ಉಳಿಯುವವರು ಇಬ್ಬರೇ. ಅಲ್ಲಿಯವರೆಗೆ ನೂರು ಕೆಲಸಗಳ ಗದ್ದಲದಲ್ಲಿ ಮರೆಯಾಗಿದ್ದ ದಾಂಪತ್ಯದ ನಿಜಸ್ವರೂಪವು ಆಗ ಗೋಚರಿಸತೊಡಗುತ್ತದೆ. ವೃದ್ಧಾಪ್ಯದ ಸುಖಕ್ಕೆ ಪಿಂಚಣಿ, ಔಷಧಗಳಷ್ಟೇ ಅಲ್ಲ, ಜೊತೆಗಿರುವ ಜೀವದ ಮನಸ್ಸೂ ಕಾರಣವೆಂಬುದನ್ನು ನಾವು ತಡವಾಗಿ ಅರಿತೆವು.

ಅಮೆರಿಕದ ಸಮಾಜಶಾಸ್ತ್ರಜ್ಞೆ ಡೆಬೊರಾ ಕಾರ್ ಮತ್ತು ಸಂಗಡಿಗರು 394 ದಂಪತಿಗಳನ್ನು ಕುರಿತು ನಡೆಸಿದ ಅಧ್ಯಯನವು 2014ರಲ್ಲಿ ಪ್ರಕಟವಾಯಿತು. ಪ್ರತಿ ಜೋಡಿಯಲ್ಲಿಯೂ ಒಬ್ಬರಾದರೂ 60 ತುಂಬಿದವರು. ದಾಂಪತ್ಯದ ವಿಷಯದಲ್ಲಿ ಪತಿಗೆ ಅಷ್ಟಾಗಿ ಸಮಾಧಾನವಿಲ್ಲದಿದ್ದರೂ ಪತ್ನಿ ತೃಪ್ತಳಾಗಿದ್ದರೆ ಪತಿಯ ಜೀವನತೃಪ್ತಿ ಕುಂದದೆ ಉಳಿಯುವುದು ಅಲ್ಲಿ ಕಂಡುಬಂದಿತು. ತೃಪ್ತಳಾದ ಮಡದಿಯು ಪತಿಗಾಗಿ ಹೆಚ್ಚು ಶ್ರಮಿಸುವಳೆಂಬುದು ಅವರು ಕೊಟ್ಟ ವಿವರಣೆ. ಪತಿ ರೋಗಿಯಾದರೆ ಪತ್ನಿಯ ಸಂತೋಷ ಕುಗ್ಗಿತು. ಪತ್ನಿ ರೋಗಿಯಾದಾಗ ಪತಿಯ ಸಂತೋಷ ಹಾಗೆ ಕುಗ್ಗಲಿಲ್ಲ. ಇದನ್ನೋದಿದಾಗ ನಮ್ಮ ತಲೆ ತಾನಾಗಿ ಬಾಗಿತು.

ಏಕೆಂದರೆ ನಮ್ಮ ಮನೆಯಲ್ಲಿಯೂ ನಡೆದುದು ಇದೇ. ನಿವೃತ್ತರಾದ ಮೇಲೆ ಲಿಂಗಪೂಜೆ, ಗ್ರಂಥಾವಲೋಕನ, ಪ್ರವಚನಗಳಲ್ಲಿ ನಮ್ಮ ದಿನಗಳು ಸುಖವಾಗಿ ಸಾಗಿದ್ದವು. ಪೂಜೆಗೆ ನೀರು, ಹೂವು, ವಿಭೂತಿ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ಒಂದು ಸಂಜೆ ನಮ್ಮ ಮನೆಯವರು ಅಡುಗೆಮನೆಯ ಹೊಸ್ತಿಲ ಬಳಿ ಮೊಣಕಾಲು ನೀವಿಕೊಳ್ಳುತ್ತ ಕುಳಿತಿದ್ದುದನ್ನು ಕಂಡು, ‘ಎಂದಿನಿಂದ ಈ ನೋವು?’ ಎಂದೆವು. ‘ಎರಡು ವರ್ಷ ಆತ್ರೀ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ’ ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನಮಗೆ ಹೆಚ್ಚು ನೋವು ತಂದಿತು. ನಮ್ಮ ನೆಮ್ಮದಿಯು ಅವರ ಮೌನದ ಮೇಲೆ ನಿಂತಿತ್ತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳು. ಆಕೆಯ ವಚನಾಂಕಿತದಲ್ಲಿ ಗಂಡನ ಹೆಸರೇ ಸೇರಿದೆ: ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅಷ್ಟು ಪ್ರೀತಿಯಿದ್ದರೂ ಆಕೆ ತಿದ್ದದೆ ಬಿಡಲಿಲ್ಲ. ಆತ ಕೇಳದೆ ಉಳಿಯಲಿಲ್ಲ. ಹೇಳುವ ಧೈರ್ಯ, ಕೇಳುವ ವಿನಯ, ಇವೆರಡೂ ಕೂಡಿದಲ್ಲಿಯೇ ಶರಣರ ದಾಂಪತ್ಯವು ಬೆಳಗಿತು.

ಹಾರ್ವರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ವಾಲ್ಡಿಂಗರ್ ಅವರು ಮಾರ್ಕ್ ಶುಲ್ಟ್ಸ್ ಅವರೊಡನೆ 80ರ ಹರೆಯದ 47 ದಂಪತಿಗಳನ್ನು ಎಂಟು ದಿನಗಳ ಕಾಲ ಪ್ರತಿದಿನ ವಿಚಾರಿಸಿ, 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಾಂಪತ್ಯದಲ್ಲಿ ತೃಪ್ತರಾದವರಿಗೆ ದೇಹ ಬಾಧಿಸಿದ ದಿನವೂ ಮನಸ್ಸು ಅಷ್ಟಾಗಿ ಕುಸಿಯಲಿಲ್ಲ. ನೋವು ತಪ್ಪದಿದ್ದರೂ ಅದನ್ನು ತಾಳುವ ಬಲ ಒಲವಿನಿಂದ ದೊರೆಯುತ್ತದೆ.

ಈಗ ಪೂಜೆಯ ನೀರು, ಹೂಗಳನ್ನು ನಾವೇ ತಂದುಕೊಳ್ಳುತ್ತೇವೆ. ಕಾಯಿಪಲ್ಲೆ ಹೆಚ್ಚಿಕೊಡುತ್ತೇವೆ, ತುಂಡುಗಳು ಸಮನಾಗಿಲ್ಲವೆಂದು ಅವರು ನಗುತ್ತಾರೆ. ವೈದ್ಯರ ಬಳಿಗೆ ಇಬ್ಬರೂ ಕೂಡಿಯೇ ಹೋಗುತ್ತೇವೆ. ಮೊಣಕಾಲಿನ ನೋವು ಪೂರ್ತಿ ಹೋಗಿಲ್ಲ, ಆದರೆ ಮನೆಯಲ್ಲಿ ಮಾತು ಮರಳಿದೆ.

ಓದುಗ ಬಂಧುಗಳೆ, ಇಂದು ಪ್ರಸಾದಕ್ಕೆ ಕುಳಿತಾಗ ಎದುರಿನವರನ್ನು ಒಮ್ಮೆ ಕೇಳಿರಿ: ‘ನಿಮಗೆ ಹೇಗಿದೆ?’ ಕೇಳಿದ ಮೇಲೆ ಉತ್ತರ ಬರುವವರೆಗೆ ಕಾಯಿರಿ. ಶರಣು.