ಕೈಯಲ್ಲಿರುವ ಪಟ್ಟಿ, ಕಪಾಟಿನಲ್ಲಿರುವ ದಾಖಲೆ

ಸುವರ್ಣ ಮಹೋತ್ಸವವೆಂದರೆ ಹಳೆ ವಿದ್ಯಾರ್ಥಿಗಳ ಹೆಸರು, ವಿಳಾಸಗಳನ್ನು ಹುಡುಕಿ ಗಣಕಯಂತ್ರಕ್ಕೆ ಸೇರಿಸುವ ಕಾರ್ಯವೂ ಹೌದು. ದತ್ತಸಂಚಯಗಳ, ಅಂದರೆ ಡೇಟಾಬೇಸುಗಳ ನಿರ್ವಹಣೆಯೇ ನನ್ನ ವೃತ್ತಿಯಾದುದರಿಂದ, ಇಂತಹ ಕಾರ್ಯಕ್ಕೆ ಕೈಹಾಕುವ ನಮ್ಮ ಶಾಲೆಯ ಕಿರಿಯರಿಗೆ ಉಪಯೋಗವಾದೀತೆಂಬ ಭಾವನೆಯಿಂದ ಒಂದು ವಿಷಯವನ್ನು ಇಲ್ಲಿ ವಿವರಿಸಲು ಬಯಸುತ್ತೇನೆ. ವಿಷಯ ಸಣ್ಣದು. ಆದರೆ ಇಲ್ಲಿ ಎಡವಿದರೆ ಪಟ್ಟಿಯಿಂದ ಹೆಸರುಗಳು ಸದ್ದಿಲ್ಲದೆ ಕಳಚಿಹೋಗುತ್ತವೆ.

ಶಾಲೆಯ ಪ್ರವೇಶ ದಾಖಲೆಯ ದೊಡ್ಡ ಪುಸ್ತಕಗಳು ಕಚೇರಿಯ ಕಪಾಟಿನಲ್ಲಿರುತ್ತವೆ. ತರಗತಿಯಲ್ಲಿರುವ ಅಧ್ಯಾಪಕರ ಕೈಯಲ್ಲಿ ಕೆಲವು ಪ್ರವೇಶ ಸಂಖ್ಯೆಗಳ ಚೀಟಿಯಿದೆ. ಆ ಮಕ್ಕಳ ಜನ್ಮದಿನಾಂಕ ಬೇಕಾಗಿದೆ. ಕಪಾಟು ದತ್ತಸಂಚಯವಾದರೆ, ಚೀಟಿಯು ನಾವು ಬರೆದ ಕ್ರಮವಿಧಿಯ ಸ್ಮೃತಿಯಲ್ಲಿರುವ ‘ಅರೇ’. ಇವೆರಡೂ ಬೇರೆ ಬೇರೆ ಕೋಣೆಗಳಲ್ಲಿವೆ ಎಂಬುದನ್ನು ಹೊಸಬರು ಮರೆಯುವುದೇ ಹೆಚ್ಚು. ಕ್ರಮವಿಧಿಯಲ್ಲಿ ಅರೇಗೆ ನಾವು ಯಾವ ಹೆಸರನ್ನಿಟ್ಟಿದ್ದರೂ ದತ್ತಸಂಚಯಕ್ಕೆ ಅದರ ಪರಿಚಯವಿಲ್ಲ. ಅದು ತನಗೆ ತಲುಪಿದ ಪ್ರಶ್ನೆಯನ್ನು ಮಾತ್ರ ಬಲ್ಲದು.

ಜವಾನನನ್ನು ಒಂದೊಂದು ಸಂಖ್ಯೆಗೂ ಒಂದೊಂದು ಬಾರಿ ಕಚೇರಿಗೆ ಓಡಿಸುವುದು ಒಂದು ಮಾರ್ಗ. ಓಡಾಟವೊಂದಕ್ಕೆ 5 ಮಿಲಿಸೆಕೆಂಡು ಹಿಡಿದರೂ 1,200 ಹೆಸರುಗಳಿಗೆ 6 ಸೆಕೆಂಡು ಬೇಕು. ಕಪಾಟಿನ ಪುಸ್ತಕಗಳನ್ನೆಲ್ಲ ತರಗತಿಗೆ ಹೊತ್ತು ತರಿಸಿ ಅಲ್ಲಿ ಹುಡುಕುವುದು ಇನ್ನೊಂದು ಮಾರ್ಗ. ಎರಡರ ಬಗೆಗೂ ಹೆಚ್ಚು ಹೇಳಬೇಕಾದುದಿಲ್ಲ. ಪಟ್ಟಿಯನ್ನೇ ಕಚೇರಿಗೆ ಕಳುಹಿಸಿ ‘ಇವುಗಳಲ್ಲಿರುವವರ ವಿವರ ಕೊಡಿ’ ಎಂದು ಒಮ್ಮೆಗೇ ಕೇಳುವುದು ಸಹಜವಾದ ಕ್ರಮ. ಎಸ್‌ಕ್ಯೂಎಲ್ ಭಾಷೆಯಲ್ಲಿ ಇದಕ್ಕಾಗಿ ‘ಇನ್’ ಎಂಬ ಪದವಿದೆ.

ಪಟ್ಟಿಯನ್ನು ಕಳುಹಿಸುವ ಬಗೆ ಹೇಗೆ ಎಂಬಲ್ಲಿ ತೊಡಕು ಆರಂಭವಾಗುತ್ತದೆ. ಅನೇಕರು ಅರೇಯ ಬೆಲೆಗಳನ್ನು ಅಲ್ಪವಿರಾಮಗಳಿಂದ ಪೋಣಿಸಿ ಪ್ರಶ್ನೆಯ ವಾಕ್ಯದೊಳಗೇ ಅಂಟಿಸಿಬಿಡುತ್ತಾರೆ. ನಮ್ಮ ಕಾಸರಗೋಡು, ಮಂಗಳೂರು ಸೀಮೆಯವರಿಗೆ ಇದರ ಅಪಾಯವನ್ನು ಒಂದೇ ಹೆಸರಿನಿಂದ ತಿಳಿಸಬಹುದು: ಡಿ'ಸೋಜ. ಆ ಹೆಸರಿನ ನಡುವಣ ಚಿಹ್ನೆಯೇ ಎಸ್‌ಕ್ಯೂಎಲ್‌ನಲ್ಲಿ ಪದದ ಕೊನೆಯನ್ನು ಸೂಚಿಸುವ ಚಿಹ್ನೆ. ಹೆಸರು ‘ಡಿ’ ಎಂಬಲ್ಲಿಗೆ ಮುಗಿದು, ‘ಸೋಜ’ ಎಂಬುದು ಅರ್ಥವಾಗದ ಆಜ್ಞೆಯಾಗಿ ಉಳಿದು, ಪ್ರಶ್ನೆಯೇ ಮುರಿದುಬೀಳುತ್ತದೆ. ಇಲ್ಲಿ ಮುರಿದುಬಿದ್ದುದೇ ಭಾಗ್ಯ. ದುರುದ್ದೇಶದವನು ಆ ಜಾಗದಲ್ಲಿ ಅಳಿಸುವ ಆಜ್ಞೆಯನ್ನೇ ತುರುಕಿಸಬಲ್ಲನು. ಆದುದರಿಂದ ಪ್ರಶ್ನೆಯ ವಾಕ್ಯ ಬೇರೆ, ಅದರೊಂದಿಗೆ ಹೋಗುವ ಬೆಲೆಗಳು ಬೇರೆ ಎಂದು ಇಟ್ಟುಕೊಳ್ಳಬೇಕು. ವಾಕ್ಯದಲ್ಲಿ ತೆರಪು ಬಿಟ್ಟು ಬೆಲೆಗಳನ್ನು ಪ್ರತ್ಯೇಕವಾಗಿ ಕಳುಹಿಸುವ ಈ ಕ್ರಮಕ್ಕೆ ಪ್ಯಾರಾಮೀಟರುಗಳ ಬಳಕೆಯೆಂದು ಹೆಸರು. (ಸಾಧ್ಯವಾದಲ್ಲೆಲ್ಲ ಹೆಸರಿನಿಂದ ಹುಡುಕದೆ ಸಂಖ್ಯೆಯಿಂದ ಹುಡುಕುವುದು ಲೇಸು. ಕೃಷ್ಣ ಭಟ್, ಕೃಷ್ಣಭಟ್ಟ ಇಬ್ಬರೂ ಒಬ್ಬರೇ ಎಂಬುದು ನಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.)

ಒಂದೊಂದು ಬೆಲೆಗೂ ಒಂದೊಂದು ತೆರಪು ಬಿಡುತ್ತ ಹೋದರೆ ಮಿತಿಗಳು ಎದುರಾಗುತ್ತವೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಒಂದು ಪ್ರಶ್ನೆಗೆ 2,100 ಪ್ಯಾರಾಮೀಟರುಗಳಿಗಿಂತ ಹೆಚ್ಚನ್ನು ಒಪ್ಪುವುದಿಲ್ಲ. ಒರಾಕಲ್‌ನ 19ನೆಯ ಆವೃತ್ತಿಯವರೆಗೂ ಇಂತಹ ಪಟ್ಟಿಯೊಂದರಲ್ಲಿ 1,000 ಬೆಲೆಗಳಿಗಷ್ಟೇ ಅವಕಾಶ. 20 ಹೆಸರುಗಳಿಟ್ಟು ಪರೀಕ್ಷಿಸಿದಾಗ ಸರಿಯಾಗಿ ನಡೆದ ಕ್ರಮವಿಧಿ, ನಿಜವಾದ ಪಟ್ಟಿ ಬಂದ ದಿನ ನಿಂತುಹೋಗುವುದು ಇದರಿಂದಲೇ.

1970ರಲ್ಲಿ ಐ.ಬಿ.ಎಂ.ನ ಎಡ್ಗರ್ ಕಾಡ್ ಅವರು ಮಂಡಿಸಿದ ಸಿದ್ಧಾಂತದ ಮೇಲೆ ಈ ದತ್ತಸಂಚಯಗಳು ನಿಂತಿವೆ. ಅವುಗಳಿಗೆ ನಿಜವಾಗಿ ಒಗ್ಗುವುದು ಕೋಷ್ಟಕದ ಭಾಷೆ. ನಮ್ಮ ಅರೇಯಾದರೂ ಒಂದೇ ಕಂಬಸಾಲಿನ ಕೋಷ್ಟಕವಲ್ಲದೆ ಮತ್ತೇನು? ಅದನ್ನು ಕೋಷ್ಟಕವಾಗಿಯೇ ಒಪ್ಪಿಸಿದರೆ, ದತ್ತಸಂಚಯ ತನ್ನ ಕೋಷ್ಟಕದೊಡನೆ ಅದನ್ನು ಜೋಡಿಸಿ ಉತ್ತರ ಕೊಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಅರೇಯನ್ನು ಒಂದೇ ಪ್ಯಾರಾಮೀಟರಾಗಿ ಕಳುಹಿಸಿ ‘ಅನ್‌ನೆಸ್ಟ್’ ಎಂಬುದರಿಂದ ಸಾಲುಗಳಾಗಿ ಬಿಡಿಸಬಹುದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2008ರ ಆವೃತ್ತಿಯಿಂದ ಕೋಷ್ಟಕವನ್ನೇ ಪ್ಯಾರಾಮೀಟರಾಗಿ ಕೊಡಬಹುದು. ಪಟ್ಟಿ ಬಹಳ ದೊಡ್ಡದಾದರೆ ತಾತ್ಕಾಲಿಕ ಕೋಷ್ಟಕದಲ್ಲಿ ತುಂಬಿಸುವುದೇ ಮೇಲು. ಒಂದು ಮಾತು ನೆನಪಿರಲಿ: ಅರೇಯಲ್ಲಿ ಕ್ರಮವಿದೆ, ಕೋಷ್ಟಕದಲ್ಲಿ ಇಲ್ಲ. ಚೀಟಿಯಲ್ಲಿದ್ದ ಕ್ರಮದಲ್ಲಿಯೇ ಉತ್ತರ ಬೇಕಾದರೆ ಕ್ರಮಸಂಖ್ಯೆಯನ್ನೂ ಜೊತೆಗೆ ಕಳುಹಿಸಿ, ಅದರಂತೆ ಜೋಡಿಸಲು ಹೇಳಬೇಕು.

ಪಟ್ಟಿ ಬರಿದಾಗಿದ್ದರೇನು? ಖಾಲಿ ಆವರಣವುಳ್ಳ ಪ್ರಶ್ನೆಯನ್ನು ಹಲವು ದತ್ತಸಂಚಯಗಳು ವ್ಯಾಕರಣದೋಷವೆಂದು ತಿರಸ್ಕರಿಸುತ್ತವೆ. ಆ ತಕರಾರನ್ನು ತಪ್ಪಿಸಲೆಂದು, ಪಟ್ಟಿ ಬರಿದಾದಾಗ ನಿಬಂಧನೆಯನ್ನೇ ಕೈಬಿಡುವ ಕ್ರಮವಿಧಿಗಳಿವೆ. ಅಳಿಸುವ ಪ್ರಶ್ನೆಯಲ್ಲಿ ಹಾಗೆ ಮಾಡಿದರೆ ‘ಯಾರನ್ನೂ ಅಳಿಸಬೇಡ’ ಎಂಬುದು ‘ಎಲ್ಲರನ್ನೂ ಅಳಿಸು’ ಎಂದಾಗುತ್ತದೆ.

ಎಲ್ಲಕ್ಕಿಂತ ಮೋಸಗೊಳಿಸುವಂಥದು ಇದರ ವಿರುದ್ಧ ರೂಪ, ‘ನಾಟ್ ಇನ್’. ಆಮಂತ್ರಣ ಹೋದವರ ಪ್ರವೇಶ ಸಂಖ್ಯೆಗಳ ಪಟ್ಟಿ ನಮ್ಮಲ್ಲಿದೆ. ಇನ್ನೂ ಹೋಗದವರು ಯಾರೆಂದು ಕೇಳುತ್ತೇವೆ ಎಂದುಕೊಳ್ಳೋಣ. ಹಳೆಯ ಪುಸ್ತಕದ ಒಂದು ಹಾಳೆಯನ್ನು ಗೆದ್ದಲು ತಿಂದಿದ್ದುದರಿಂದ ಒಬ್ಬರ ಸಂಖ್ಯೆ ಸಿಗದೆ, ಪಟ್ಟಿಯಲ್ಲಿ ಒಂದು ಸ್ಥಾನ ಶೂನ್ಯವಾಗಿ, ಅಂದರೆ ‘ನಲ್’ ಆಗಿ ಉಳಿದಿದೆ. ಸೊನ್ನೆಯೆಂದಲ್ಲ, ‘ತಿಳಿಯದು’ ಎಂದು ಅದರ ಅರ್ಥ. ಈಗ ದತ್ತಸಂಚಯ 103ನೆಯವರನ್ನು ಪರಿಶೀಲಿಸುತ್ತದೆ. ಆ ತಿಳಿಯದ ಸಂಖ್ಯೆ 103 ಆಗಿದ್ದರೂ ಇರಬಹುದಲ್ಲವೇ? ಆದುದರಿಂದ 103 ಪಟ್ಟಿಯಲ್ಲಿಲ್ಲವೆಂದು ಖಚಿತವಾಗಿ ಹೇಳಲಾರದು. ಖಚಿತವಾಗಿ ‘ಹೌದು’ ಎನಿಸಿದ ಸಾಲುಗಳನ್ನಷ್ಟೇ ಅದು ಹೊರಗೆ ಕೊಡುವುದು. ಇದೇ ತರ್ಕ ಉಳಿದವರೆಲ್ಲರಿಗೂ ಅನ್ವಯಿಸಿ, ಉತ್ತರದಲ್ಲಿ ಒಬ್ಬರ ಹೆಸರೂ ಬರುವುದಿಲ್ಲ. ದೋಷದ ಸೂಚನೆಯೂ ಇಲ್ಲ. ಆಮಂತ್ರಣ ಎಲ್ಲರಿಗೂ ತಲುಪಿತೆಂದು ಸಮಿತಿಯವರು ನೆಮ್ಮದಿಯಿಂದಿರುತ್ತಾರೆ; ಮುಂಬಯಿಯಲ್ಲಿಯೋ ಕೊಲ್ಲಿ ರಾಷ್ಟ್ರದಲ್ಲಿಯೋ ಇರುವ ಹಳೆ ವಿದ್ಯಾರ್ಥಿ, ತನ್ನ ಶಾಲೆ ತನ್ನನ್ನು ಮರೆಯಿತೆಂದು ಭಾವಿಸುತ್ತಾನೆ.

‘ಇನ್’ ಎಂದು ಕೇಳಿದಾಗ ಇಂತಹ ಶೂನ್ಯಸ್ಥಾನದಿಂದ ತೊಂದರೆಯಿಲ್ಲ, ಹೊಂದಿಕೆಯಾದವರು ಬಂದೇ ಬರುತ್ತಾರೆ. ಪರೀಕ್ಷೆಯ ಕಾಲದಲ್ಲಿ ದೋಷ ಕಣ್ಣಿಗೆ ಬೀಳದಿರುವುದಕ್ಕೆ ಅದೂ ಒಂದು ಕಾರಣ. ಕಳುಹಿಸುವ ಮೊದಲೇ ಅರೇಯಿಂದ ಶೂನ್ಯಸ್ಥಾನಗಳನ್ನು ತೆಗೆದು, ಆ ವ್ಯಕ್ತಿಗಳ ಹೆಸರುಗಳನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. ‘ನಾಟ್ ಇನ್’ ಬದಲಿಗೆ ‘ನಾಟ್ ಎಗ್ಸಿಸ್ಟ್ಸ್’ ಬಳಸಿದರೆ ಒಂದು ಶೂನ್ಯಸ್ಥಾನದಿಂದ ಉತ್ತರವೆಲ್ಲ ಬರಿದಾಗುವುದಿಲ್ಲ. ಹೋದವರ ಸಂಖ್ಯೆಗೆ ಹೋಗದವರ ಸಂಖ್ಯೆಯನ್ನು ಕೂಡಿಸಿ, ಒಟ್ಟು ಸಂಖ್ಯೆಯೊಡನೆ ತಾಳೆ ನೋಡುವ ಅಭ್ಯಾಸವನ್ನೂ ಬಿಡಬಾರದು. ತಾಳೆಯಾಗದಿದ್ದಲ್ಲಿ, ಬರೆದಿಟ್ಟುಕೊಂಡ ಆ ಹೆಸರುಗಳನ್ನು ಮೊದಲು ನೋಡುವುದು.